ಮುತ್ತಿನ ಚಿಪ್ಪುಗಳಲ್ಲಿ ಕಿರಿಯದೂ ಹಿರಿಯದೂ

ಸ್ವಾತಿಯ ಮಳೆಹನಿಯು ಬಾಯ್ದೆರೆದ ಚಿಪ್ಪಿನಲ್ಲಿ ಬಿದ್ದರೆ ಮುತ್ತಾಗುವುದೆಂಬ ಮಾತನ್ನು ಕನ್ನಡ ನಾಡಿನ ರೈತರಲ್ಲಿ ಕೇಳದವರಿಲ್ಲ. ಸ್ವಾತಿಯ ಮಳೆಯು ಹೊಲಕ್ಕೆ ಮುತ್ತಿನಂತಹುದೆಂಬುದು ನಿಜವೇ. ಆದರೆ ಚಿಪ್ಪಿನ ವಿಷಯದಲ್ಲಿ ಆ ಮಾತು ಕವಿಗಳದೇ ಹೊರತು ಪ್ರಕೃತಿಯದಲ್ಲ. ಮುತ್ತಿನ ಚಿಪ್ಪು ಅನೇಕ ಮಾರು ನೀರಿನ ಕೆಳಗೆ ಬಂಡೆಗೆ ಕಚ್ಚಿಕೊಂಡು ಜೀವಿಸುವ ಪ್ರಾಣಿ. ಮಳೆಹನಿಗಾಗಿ ಅದು ಮೇಲಕ್ಕೆ ಬರುವುದಿಲ್ಲ, ಬರಲಾರದು. ಅದರ ಒಡಲನ್ನು ಹೊದ್ದಿರುವ ತೆಳುವಾದ ಪೊರೆಯೊಂದು ಚಿಪ್ಪಿನ ಒಳಮೈಗೆ ಹೊಳಪುಳ್ಳ ಸುಣ್ಣವನ್ನು ಪದರ ಪದರವಾಗಿ ಹಚ್ಚುತ್ತ ಹೋಗುವುದು. ಯಾವುದಾದರೊಂದು ಕಾರಣದಿಂದ ಆ ಪೊರೆಯ ಅಂಶವು ಒಡಲಿನೊಳಕ್ಕೆ ಸೇರಿ ಚೀಲದಂತೆ ಬೆಳೆದರೆ, ಅದೇ ಸುಣ್ಣವು ಚೀಲದೊಳಗೆ ಉಂಡೆಯಾಗಿ ಸುತ್ತಿಕೊಂಡು ಮುತ್ತಾಗುವುದು. ಆದಕಾರಣ ಮುತ್ತು ಆಕಾಶದಿಂದ ಬೀಳುವ ಭಾಗ್ಯವಲ್ಲ. ಒಂದು ಪ್ರಾಣಿಯು ತನ್ನ ನೀರಿನಲ್ಲಿ, ತನ್ನ ಕಾಲದಲ್ಲಿ ಕೊಡತಕ್ಕ ಬೆಳೆ.

ಬೆಳೆಯೆಂದ ಮೇಲೆ ತಳಿಯ ಪ್ರಶ್ನೆ ಬಂದೇ ಬರುವುದು. ಪೆಸಿಫಿಕ್ ಸಾಗರದ ದ್ವೀಪಗಳಿಂದ ಬರುವ ದೊಡ್ಡ ಕಪ್ಪು ಮುತ್ತುಗಳನ್ನು ಪಟ್ಟಣದ ಅಂಗಡಿಗಳಲ್ಲಿ ಕಂಡವರು, ತೂತುಕುಡಿಯ ಸಣ್ಣ ಚಿಪ್ಪನ್ನು ಬಿಟ್ಟು ಆ ದೊಡ್ಡ ಚಿಪ್ಪನ್ನೇ ತಂದು ಬೆಳೆಸಬಾರದೇಕೆಂದು ಕೇಳುವುದುಂಟು. ಗೇಣುದ್ದದ ಚಿಪ್ಪಿನ ಮುಂದೆ ಮೂರಂಗುಲದ ಚಿಪ್ಪು ಯಾವ ಲೆಕ್ಕವೆಂಬುದು ಅವರ ವಾದ. ದೊಡ್ಡ ತೆನೆಯನ್ನು ನೋಡಿ ಬೀಜವನ್ನು ಕೊಂಡು, ನೀರಿಲ್ಲದ ಹೊಲದಲ್ಲಿ ಬಿತ್ತಿ ಕೈಸುಟ್ಟುಕೊಂಡ ಭೂಮಾಲಿಕರಿಗೆ ಈ ವಾದದ ಹುಳುಕು ಎಲ್ಲಿರುವುದೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಮುತ್ತಿನ ಹೆಸರಿನಲ್ಲಿ ಹಣ ಕೇಳಿಕೊಂಡು ಹಳ್ಳಿಗಳಿಗೆ ಬರುವವರು ಇರುವುದರಿಂದ, ಈ ಎರಡು ಚಿಪ್ಪುಗಳ ಗುಣಾವಗುಣಗಳನ್ನು ತಿಳಿದುಕೊಂಡಿರುವುದು ಊರಿನ ಮುಖ್ಯಸ್ಥರಿಗೆ ಒಳ್ಳೆಯದು.

ಎರಡೂ ಒಂದೇ ಕುಲಕ್ಕೆ ಸೇರಿದವು. ಸಣ್ಣದಕ್ಕೆ ಶಾಸ್ತ್ರಜ್ಞರು ಪಿಂಕ್ಟಾಡ ಫ್ಯುಕಾಟ ಎಂದೂ, ದೊಡ್ಡದಕ್ಕೆ ಪಿಂಕ್ಟಾಡ ಮಾರ್ಗರಿಟಿಫೆರ ಎಂದೂ ಹೆಸರಿಟ್ಟಿರುವರು. ದೊಡ್ಡದರ ಒಳಮೈಯಲ್ಲಿ ಅಂಚಿನ ಸುತ್ತಲೂ ಕಪ್ಪುಪಟ್ಟಿ ಇರುವುದರಿಂದ ವ್ಯಾಪಾರಿಗಳು ಅದನ್ನು ಕಪ್ಪುತುಟಿಯ ಚಿಪ್ಪೆಂದು ಕರೆಯುವರು. ಸಣ್ಣದು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಅಂಗುಲ ಬೆಳೆಯುವುದು. ಅದರ ಎಡದ ಚಿಪ್ಪು ಬಲದ್ದಕ್ಕಿಂತ ಹೆಚ್ಚು ಆಳವಾಗಿರುವುದು. ಒಳಮೈಯ ಹೊಳಪಿನಲ್ಲಿ ಹೊಂಬಣ್ಣದ ಛಾಯೆ ಉಂಟು. ಕಪ್ಪುತುಟಿಯದು ಐದಾರು ಅಂಗುಲ ಬೆಳೆಯುವುದು ಸಾಧಾರಣ, ಅದಕ್ಕಿಂತ ದೊಡ್ಡವೂ ದೊರೆಯುವುವು. ಹೊರಮೈ ಬೂದುಗಪ್ಪು, ಅದರ ಮೇಲೆ ಬುಡದಿಂದ ಅಂಚಿನವರೆಗೆ ಸಾಲುಸಾಲಾಗಿ ಬಿಳಿಯ ಚುಕ್ಕೆಗಳು; ಒಳಮೈ ನಡುವೆ ಬೆಳ್ಳಿಯ ಹಾಗೆ.

ಇದಕ್ಕಿಂತ ಮುಖ್ಯವಾದ ಭೇದವು ಅವುಗಳ ಬಾಳಿನಲ್ಲಿರುವುದು. ಸಣ್ಣ ಚಿಪ್ಪು ಅಲ್ಪಾಯುಷಿ. ಸಮುದ್ರದ ತಳದಲ್ಲಿ ಐದಾರು ವರ್ಷ ಬದುಕಿದರೆ ಹೆಚ್ಚು. ಹುಟ್ಟಿದ ಒಂದು ಒಂದೂವರೆ ವರ್ಷದಲ್ಲಿಯೇ ಅದು ಮುತ್ತಿನ ಕೆಲಸಕ್ಕೆ ಒದಗುವುದು. ಕಪ್ಪುತುಟಿಯದು ದೀರ್ಘಾಯುಷಿ, ಹತ್ತಾರು ವರ್ಷ ಬದುಕಬಲ್ಲುದು, ಆದರೆ ಕೆಲಸಕ್ಕೆ ತಕ್ಕಷ್ಟು ಬೆಳೆಯಲು ಎರಡು ಮೂರು ವರ್ಷ ಬೇಕು. ಕಪ್ಪುತುಟಿಯದಕ್ಕೆ ಹವಳದ ಬಂಡೆಗಳ ನಡುವಿನ ತಿಳಿನೀರು ಬೇಕು. ಸಣ್ಣದು ಅಷ್ಟು ಸುಕುಮಾರಿಯಲ್ಲ. ನೀರು ಸ್ವಲ್ಪ ಮಬ್ಬಾಗಿದ್ದರೂ ಸಹಿಸಿಕೊಂಡು ತನ್ನ ಆಹಾರವನ್ನು ಸೋಸಿಕೊಳ್ಳುವುದು. ಒಂದು ರಾಗಿಯ ಜಾತಿ, ಇನ್ನೊಂದು ಅಡಿಕೆಯ ಜಾತಿ ಎಂದರೆ ವಾಚಕರಿಗೆ ಬೇಗನೆ ತಿಳಿದೀತು.

ಎರಡರ ಮರಿಗಳೂ ಹುಟ್ಟಿದ ಕೂಡಲೆ ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ಸುಮಾರು ಮೂರು ವಾರಗಳವರೆಗೆ ನೀರಿನಲ್ಲಿ ತೇಲುವುವು. ಆಮೇಲೆ ತಳಕ್ಕಿಳಿದು, ರೇಷ್ಮೆಯ ಎಳೆಗಳಂತಹ ನಾರನ್ನು ಹೊರಡಿಸಿ ಯಾವುದಾದರೊಂದು ಗಟ್ಟಿ ವಸ್ತುವಿಗೆ ಅಂಟಿಕೊಳ್ಳುವುವು. ಈ ಮೂರು ವಾರಗಳೇ ಎರಡು ಚಿಪ್ಪುಗಳ ಚರಿತ್ರೆಯನ್ನು ಬೇರೆ ಮಾಡಿದವು ಎನ್ನಬಹುದು.

ಮನ್ನಾರ್ ಕೊಲ್ಲಿಯಲ್ಲಿ, ಭಾರತದ ತೀರಕ್ಕೂ ಸಿಂಹಳದ್ವೀಪಕ್ಕೂ ನಡುವೆ, ಏಳರಿಂದ ಹದಿಮೂರು ಮಾರು ಆಳದಲ್ಲಿ ಪಾರ್ ಎಂದು ತಮಿಳರು ಕರೆಯುವ ಕಲ್ಲುಹಾಸುಗಳಿರುವುವು. ಸಣ್ಣ ಚಿಪ್ಪಿನ ತವರು ಇದು. ಕೊರ್ಕೈ ಪಟ್ಟಣದ ಕಾಲದಿಂದಲೂ ಪರವರು ಇಲ್ಲಿ ಮುಳುಗಿ ಚಿಪ್ಪು ತೆಗೆದರು. ಮಾರ್ಕೊ ಪೋಲೊ ಈ ಮುಳುಗುವಿಕೆಯನ್ನು ವರ್ಣಿಸಿರುವನು. ಆದರೆ ಪಾರ್‌ಗಳು ತೆರೆದ ಸಮುದ್ರದಲ್ಲಿರುವುದರಿಂದ ತೇಲುವ ಮರಿಗಳನ್ನು ಪ್ರವಾಹವು ಎಲ್ಲಿಗೆ ಒಯ್ಯುವುದೆಂಬುದಕ್ಕೆ ನೇಮವಿಲ್ಲ. ಒಂದು ವರ್ಷ ಕೋಟ್ಯಂತರ ಮರಿಗಳು ಕಲ್ಲಿಗೆ ಹತ್ತುವುವು, ಮರುವರ್ಷ ಒಂದೂ ಕಾಣದು. ಹತ್ತಿದವನ್ನೂ ಮರಳು ಮುಚ್ಚುವುದು, ತಿರಂಡಿ ಮೀನೂ ನಕ್ಷತ್ರಮೀನೂ ತಿನ್ನುವುವು. ಫಸಲು ಉಳಿದ ವರ್ಷ ಸರ್ಕಾರವು ಮುಳುಗುವವರನ್ನು ಕರೆಸಿ, ತೀರದಲ್ಲಿ ಒಂದು ಊರನ್ನೇ ಎಬ್ಬಿಸಿ, ಬಂದ ಚಿಪ್ಪನ್ನು ಸಾವಿರದ ಲೆಕ್ಕದಲ್ಲಿ ಹರಾಜು ಹಾಕುತ್ತಿದ್ದಿತು. ಸಿಂಹಳದಲ್ಲಿ ಮುಳುಗುವವರಿಗೆ ಮೂರರಲ್ಲೊಂದು ಪಾಲು, ಉಳಿದುದು ಸರ್ಕಾರದ್ದು. ಹರಾಜಿನಲ್ಲಿ ಕೊಂಡವರು ಚಿಪ್ಪುಗಳನ್ನು ಬೇಲಿಯೊಳಗೆ ರಾಶಿ ಹಾಕಿ ಕೊಳೆಯಿಸಿ, ಹುಳು ಬಿದ್ದ ಮೇಲೆ ತೊಳೆದು ಮುತ್ತನ್ನು ಹುಡುಕುವರು. ಆ ದುರ್ವಾಸನೆಯನ್ನು ಬರೆಯದ ಪ್ರವಾಸಿಗರು ವಿರಳ.

ಸಾವಿರ ಚಿಪ್ಪಿನಲ್ಲಿ ಬೆಲೆಬಾಳುವ ಮುತ್ತು ಎಷ್ಟು ಸಿಕ್ಕೀತೆಂದು ಯಾರಿಗೂ ಗೊತ್ತಿಲ್ಲ. ಸಾವಿರವೂ ಸಾಯುವುದು ಮಾತ್ರ ನಿಶ್ಚಯ. ೧೯೦೫ನೇ ಇಸವಿಯಲ್ಲಿ ಸಿಂಹಳದ ಪಾರ್‌ಗಳಿಂದ ಸುಮಾರು ೮ ಕೋಟಿ ಚಿಪ್ಪುಗಳನ್ನು ತೆಗೆದರು. ಆ ಫಸಲನ್ನು ಕಂಡು ಮರುವರ್ಷವೇ ಒಂದು ಕಂಪೆನಿಯು ಇಪ್ಪತ್ತು ವರ್ಷಕ್ಕೆ ಪಾರ್‌ಗಳನ್ನು ಗುತ್ತಿಗೆ ಹಿಡಿಯಿತು. ೧೯೦೭ರ ತರುವಾಯ ಬಹುಕಾಲ ತೆಗೆಯಲು ಚಿಪ್ಪೇ ಇಲ್ಲದೆ, ಗುತ್ತಿಗೆಯ ಅವಧಿ ಮುಗಿಯುವುದಕ್ಕೆ ಬಹಳ ಮುಂಚೆಯೇ ಕಂಪೆನಿಯು ಮುಚ್ಚಿಹೋಯಿತು. ಒಂದು ವರ್ಷದ ಹುಲುಸನ್ನು ನೋಡಿ ಇಪ್ಪತ್ತು ವರ್ಷದ ಕರಾರು ಬರೆದುಕೊಟ್ಟವರ ಕಥೆ ಕೆರೆಯ ಮೀನಿನ ಹರಾಜಿನಲ್ಲಿಯೂ ಕೇಳಿಬರುವುದಷ್ಟೆ. ತೂತುಕುಡಿಯ ಕಡೆಯಲ್ಲಿ ೧೯೫೫ರಿಂದ ೧೯೬೧ರವರೆಗೆ ವರ್ಷವರ್ಷವೂ ಚಿಪ್ಪು ತೆಗೆದರು. ಅಲ್ಲಿಂದ ಈಚೆಗೆ ಆ ಪಾರ್‌ಗಳಲ್ಲಿ ಅಂತಹ ಫಸಲು ನಡೆದಿಲ್ಲ.

ಇಷ್ಟನ್ನು ಮಾತ್ರ ಓದಿದವರು ಸಣ್ಣ ಚಿಪ್ಪು ನಂಬಿಕೆಗೆ ಅರ್ಹವಲ್ಲವೆಂದು ತೀರ್ಮಾನಿಸಿಯಾರು. ಆದರೆ ಜಪಾನಿನ ಮುತ್ತಿಗೆ ಲೋಕದಲ್ಲಿ ಹೆಸರು ತಂದ ಅಕೋಯ ಎಂಬ ಚಿಪ್ಪು ಇದೇ ಸಣ್ಣ ಚಿಪ್ಪು. ಹಿಂದೆ ಅದನ್ನು ಬೇರೆ ಜಾತಿಯೆಂದು ಎಣಿಸುತ್ತಿದ್ದರು. ಈಗ ಬಹುಮಂದಿ ಶಾಸ್ತ್ರಜ್ಞರು ಎರಡೂ ಒಂದೇ ಎಂದು ಒಪ್ಪಿರುವರು. ಮಿಕಿಮೋಟೊ ಕೋಕಿಚಿ ಎಂಬವನು ೧೮೯೩ರಲ್ಲಿ ಅದರಿಂದ ಅರೆಗೋಳದ ಮುತ್ತನ್ನು ಬೆಳೆಸಿದನು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಿಸೆ, ನಿಶಿಕಾವ ಎಂಬಿಬ್ಬರು ದುಂಡುಮುತ್ತಿನ ವಿಧಾನವನ್ನು ಕಂಡುಕೊಂಡರು. ಒಂದು ಚಿಪ್ಪಿನ ಪೊರೆಯ ತುಣುಕನ್ನು ಕತ್ತರಿಸಿ, ಒಂದು ಸಣ್ಣ ಗುಂಡಿನೊಡನೆ ಇನ್ನೊಂದು ಚಿಪ್ಪಿನ ಒಡಲಿನಲ್ಲಿಡುವುದೇ ಆ ವಿಧಾನ. ಮಾವಿಗೆ ಕಸಿ ಕಟ್ಟುವವರಿಗೆ ಇದರ ತತ್ತ್ವ ಹೊಸದಲ್ಲ. ಆ ಗುಂಡುಗಳನ್ನು ಅಮೆರಿಕದ ಮಿಸಿಸಿಪಿ ನದಿಯ ಸಿಹಿನೀರಿನ ದಪ್ಪ ಚಿಪ್ಪುಗಳಿಂದ ಕಡೆದು ತೆಗೆಯುವುದು ರೂಢಿಗೆ ಬಂದಿತು; ಕಡಲಮುತ್ತಿನ ಗರ್ಭದಲ್ಲಿ ಹೊಳೆಯ ಚಿಪ್ಪು ಅಡಗಿರುವುದೊಂದು ವಿನೋದ. ಮುಂದೆ ಈ ಬೆಳೆಸಿದ ಮುತ್ತುಗಳು ಪೇಟೆಗೆ ಬಂದು, ಜೊತೆಗೆ ೧೯೩೦ರ ದಶಕದ ಮುಗ್ಗಟ್ಟೂ ಸೇರಿ, ಪರ್ಷಿಯದ ಕೊಲ್ಲಿಯಲ್ಲಿ ಮುಳುಗಿ ತೆಗೆಯುವ ಮುತ್ತಿನ ವ್ಯಾಪಾರವು ನೆಲಕಚ್ಚಿತು. ಹೀಗೆ ಮನ್ನಾರಿನಲ್ಲಿ ಕೊಳ್ಳೆಯಾದ ಚಿಪ್ಪೇ ಜಪಾನಿನಲ್ಲಿ ಬೆಳೆಯಾಯಿತು. ಚಿಪ್ಪು ಒಂದೇ, ಕೈ ಬೇರೆ.

ಕಪ್ಪುತುಟಿಯ ಚಿಪ್ಪಿನ ಚರಿತ್ರೆಯಾದರೂ ಪುಣ್ಯಚರಿತ್ರೆಯೇನೂ ಅಲ್ಲ. ಫ್ರೆಂಚ್ ಪಾಲಿನೇಷ್ಯಕ್ಕೆ ಸೇರಿದ ಟುವಮೋಟು ದ್ವೀಪಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಅದನ್ನು ಮುಳುಗಿ ತೆಗೆದುದು ಮುತ್ತಿಗಾಗಿ ಅಲ್ಲ, ಗುಂಡಿಗಾಗಿ. ಯೂರೋಪಿನ ಅಂಗಿಗಳಿಗೆ ಹೊಳೆಯುವ ಗುಂಡಿ ಬೇಕಾಗಿದ್ದಿತು. ಒಂದರ ಹಿಂದೊಂದು ದ್ವೀಪದಲ್ಲಿ ಚಿಪ್ಪು ತೀರುತ್ತ ಬಂದುದನ್ನು ಕಂಡು ಸರದಿಯ ಮೇಲೆ ಮುಳುಗುವಿಕೆಯನ್ನು ನಿಷೇಧಿಸಿದರು. ಆಮೇಲೆ ಪ್ಲಾಸ್ಟಿಕ್ ಗುಂಡಿ ಬಂದು ಆ ವ್ಯಾಪಾರವೇ ಕೆಟ್ಟಿತು. ಆ ಕಷ್ಟದ ದಿನಗಳಲ್ಲಿ, ೧೯೬೧ರಲ್ಲಿ, ಜೀನ್ ಮಾರಿ ದೊಮಾರ್ ಎಂಬ ಅಧಿಕಾರಿಯು ಜಪಾನಿನ ಕಸಿಗಾರನೊಬ್ಬನನ್ನು ಕರೆಸಿ ಕಪ್ಪುತುಟಿಯ ಚಿಪ್ಪಿಗೆ ಗುಂಡು ಇಡಿಸಿದನು. ಕೆಲವು ವರ್ಷಗಳಲ್ಲಿ ದುಂಡಗಿನ ಕಪ್ಪು ಮುತ್ತುಗಳು ಕೈಗೆ ಬಂದುವು. ಅಲ್ಲಿನ ಅನುಕೂಲವೇನೆಂದರೆ, ಹವಳದ ದಿಬ್ಬವು ಉಂಗುರದಂತೆ ಸುತ್ತಿಕೊಂಡು ನಡುವೆ ಕಡಲಿನ ನೀರು ಕೆರೆಯಂತೆ ನಿಂತಿರುವುದು. ತೇಲುವ ಮರಿಗಳಲ್ಲಿ ಬಹುಪಾಲು ಆ ಉಂಗುರದೊಳಗೇ ಉಳಿಯುವುವು. ದ್ವೀಪದವರು ನೀರಿನಲ್ಲಿ ಹಗ್ಗ, ಬಲೆಗಳನ್ನು ಇಳಿಬಿಟ್ಟರೆ ಮರಿಗಳು ತಾವಾಗಿ ಬಂದು ಹತ್ತುವುವು. ಬಿತ್ತನೆಯ ಬೀಜವು ಹೊಲದ ಬದುವಿನಲ್ಲಿಯೇ ಸಿಕ್ಕಿದಂತಾಯಿತು. ಟುವಮೋಟುವಿನವರು ಗೆದ್ದುದು ಚಿಪ್ಪಿನ ಗಾತ್ರದಿಂದ ಎನ್ನುವುದಕ್ಕಿಂತ ಈ ಉಂಗುರದ ಕೆರೆಯಿಂದ ಎನ್ನುವುದು ಸರಿ.

ಗಾತ್ರದ ಲಾಭವೂ ಇಲ್ಲವೆಂದಲ್ಲ, ಇರುವುದನ್ನು ಒಪ್ಪಲೇಬೇಕು. ಸಣ್ಣ ಚಿಪ್ಪಿನಲ್ಲಿ ದೊಡ್ಡ ಗುಂಡು ಹಿಡಿಸದು. ಅಕೋಯ ಮುತ್ತು ಒಂಬತ್ತು ಮಿಲಿಮೀಟರನ್ನು ದಾಟುವುದು ಅಪರೂಪ. ಕಪ್ಪುತುಟಿಯದು ಎಂಟರಿಂದ ಹದಿನಾಲ್ಕು ಮಿಲಿಮೀಟರಿನ ಮುತ್ತನ್ನು ಕೊಡುವುದು. ಬಣ್ಣವೂ ಹಸುರು, ನೀಲಿ, ನವಿಲುಗತ್ತಿನ ಛಾಯೆಗಳಲ್ಲಿ ಸಹಜವಾಗಿಯೇ ಬರುವುದು. ಇನ್ನೊಂದು ದೊಡ್ಡ ಅನುಕೂಲ ಉಂಟು. ಸಣ್ಣ ಚಿಪ್ಪನ್ನು ಸಾಮಾನ್ಯವಾಗಿ ಕೊಂದೇ ಮುತ್ತನ್ನು ತೆಗೆಯುವರು. ಕಪ್ಪುತುಟಿಯದರಲ್ಲಿ ಕುಶಲನಾದ ಕಸಿಗಾರನು ಮುತ್ತನ್ನು ತೆಗೆದು, ಅದೇ ಚೀಲದಲ್ಲಿ ಅದಕ್ಕಿಂತ ದೊಡ್ಡ ಗುಂಡನ್ನಿಟ್ಟು ಎರಡನೆಯ ಬೆಳೆಯನ್ನು, ಕೆಲವು ವೇಳೆ ಮೂರನೆಯದನ್ನೂ ಪಡೆಯುವನು. ಕಬ್ಬಿನ ಕೂಳೆ ಬೆಳೆಯ ಲಾಭವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುವುದು.

ಆದರೆ ಕೂಳೆಯವರೆಗೆ ಕಾಯಲು ಗಂಟು ಬೇಕು. ಕಪ್ಪುತುಟಿಯ ಮರಿ ಹಗ್ಗಕ್ಕೆ ಹತ್ತಿದ ದಿನದಿಂದ ಮೊದಲ ಮುತ್ತು ಕೈಗೆ ಬರಲು ನಾಲ್ಕೈದು ವರ್ಷ. ಅಷ್ಟು ಕಾಲವೂ ಹಗ್ಗ, ದೋಣಿ, ಆಳು, ಚಿಪ್ಪಿನ ಮೇಲೆ ಬೆಳೆಯುವ ಕಳೆಯನ್ನು ತೆಗೆಯುವ ಕೂಲಿ, ಎಲ್ಲವೂ ವೆಚ್ಚದ ಕಡೆಗೇ. ನಡುವೆ ಒಂದು ರೋಗ ಬಂದರೆ ನಾಲ್ಕು ವರ್ಷದ ದುಡಿಮೆ ಒಂದೇ ತಿಂಗಳಲ್ಲಿ ಹೋಗುವುದು. ಕುಕ್ ದ್ವೀಪಗಳಲ್ಲಿ ಮಾನಿಹಿಕಿ ಎಂಬಲ್ಲಿ ೨೦೦೦ನೇ ಇಸವಿಯಲ್ಲಿ ಹಾಗೆಯೇ ಆಯಿತು. ಚಿಪ್ಪುಗಳನ್ನು ಒತ್ತೊತ್ತಾಗಿ ತೂಗಹಾಕಿದ್ದ ನೀರಿನಲ್ಲಿ ರೋಗಾಣುಗಳು ಹಬ್ಬಿದುವು. ಉಂಗುರದ ಕೆರೆಯು ಮರಿಯನ್ನು ಹೇಗೆ ಹಿಡಿದಿಡುವುದೋ ಹಾಗೆಯೇ ರೋಗವನ್ನೂ ಹಿಡಿದಿಡುವುದು. ಸಣ್ಣ ಚಿಪ್ಪಾದರೂ ರೋಗಕ್ಕೆ ಹೊರತಲ್ಲ. ಜಪಾನಿನಲ್ಲಿ ೧೯೯೦ರ ದಶಕದ ನಡುಭಾಗದಿಂದ ಅಕೋಯ ಚಿಪ್ಪುಗಳು ರಾಶಿರಾಶಿಯಾಗಿ ಸತ್ತುವು. ೨೦೧೯ರಲ್ಲಿ ಎಹಿಮೆ ಪ್ರಾಂತದ ತೀರದಲ್ಲಿ ಮರಿಗಳು ಅಪಾರವಾಗಿ ಸತ್ತಾಗ ಒಂದು ವೈರಸ್ ಅದಕ್ಕೆ ಕಾರಣವೆಂದು ಪರೀಕ್ಷಕರು ಕಂಡರು. ಆದರೂ ಬೇಗನೆ ಫಲ ಕೊಡುವ ಪ್ರಾಣಿಯಲ್ಲಿ ನಷ್ಟವನ್ನು ತುಂಬಿಕೊಳ್ಳುವ ಕಾಲವೂ ಕಡಿಮೆ. ಸಾಲ ಮಾಡಿ ಕೈಹಾಕುವ ಸಣ್ಣ ಬೆಳೆಗಾರನಿಗೆ ಈ ಒಂದು ಮಾತೇ ನಿರ್ಣಾಯಕ.

ಬೆಲೆಯ ಮಾತು ಇನ್ನೂ ಕಹಿಯಾದುದು. ಕಪ್ಪು ಮುತ್ತು ಅಪರೂಪವಾಗಿದ್ದಾಗ ರತ್ನದ ಬೆಲೆಗೆ ಹೋಯಿತು. ಆ ಬೆಲೆಯನ್ನು ಕೇಳಿ ದ್ವೀಪದ್ವೀಪಗಳಲ್ಲಿಯೂ ತೋಟಗಳೆದ್ದು, ೨೦೦೦ದ ಹೊತ್ತಿಗೆ ಟನ್ನುಗಟ್ಟಲೆ ಮುತ್ತು ಹೊರಬಿದ್ದು, ಬೆಲೆಯು ವರ್ಷದಿಂದ ವರ್ಷಕ್ಕೆ ಕುಸಿದು ಅನೇಕ ತೋಟಗಳು ಹಾಳುಬಿದ್ದುವು. ಮುತ್ತಿನ ಮೇಲಿನ ಪದರವು ೦.೮ ಮಿಲಿಮೀಟರಿಗಿಂತ ತೆಳುವಾಗಿರಬಾರದೆಂದು ಅಲ್ಲಿನ ಸರ್ಕಾರವು ಕೆಲವು ಕಾಲ ಕಟ್ಟು ಮಾಡಿದ್ದುದು ಈ ಕೇಡನ್ನು ತಡೆಯುವ ಉದ್ದೇಶದಿಂದಲೇ. ಜಪಾನಿನವರೂ ೧೯೬೦ರ ದಶಕದಲ್ಲಿ ಆತುರದಿಂದ ತೆಳುಪದರದ ಮುತ್ತನ್ನು ಹೇರಳವಾಗಿ ಮಾರಿ ಇಂತಹುದೇ ಪೆಟ್ಟನ್ನು ತಿಂದಿದ್ದರು. ಅಂಗಡಿಯ ಗಾಜಿನೊಳಗೆ ಒಂದು ಮುತ್ತಿಗೆ ಬರೆದಿರುವ ಬೆಲೆಯನ್ನು ಹತ್ತು ಸಾವಿರ ಚಿಪ್ಪಿನಿಂದ ಗುಣಿಸಿ ಲಾಭವನ್ನು ತೋರಿಸುವವರ ಲೆಕ್ಕದಲ್ಲಿ ಸತ್ತ ಚಿಪ್ಪೂ ಇಲ್ಲ, ಗುಂಡನ್ನು ಉಗುಳಿದ ಚಿಪ್ಪೂ ಇಲ್ಲ, ಸೊಟ್ಟಮುತ್ತೂ ಇಲ್ಲ.

ಇನ್ನು ಭಾರತದ ಮಾತು. ಕಪ್ಪುತುಟಿಯ ಚಿಪ್ಪು ಅಂಡಮಾನ್ ನಿಕೋಬಾರ್ ದ್ವೀಪಗಳ ಹವಳದ ನೀರಿನಲ್ಲಿ ಸಹಜವಾಗಿಯೇ ಇರುವುದು. ಅದನ್ನು ಬೆಳೆಸುವುದಾದರೆ ಅಲ್ಲಿಯೇ ಬೆಳೆಸತಕ್ಕದ್ದು. ಅಲ್ಲಿ ಅದು ಪರದೇಶಿಯಲ್ಲ. ಅದನ್ನು ಮನ್ನಾರಿಗೋ ಕನ್ನಡ ಕರಾವಳಿಗೋ ಹೊತ್ತು ತರಬೇಕೆಂಬುದು ಸರಿಯಾದ ಆಲೋಚನೆಯಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ಹೊಳೆಗಳು ಮುಂಗಾರಿನಲ್ಲಿ ಕೆಂಪುನೀರನ್ನು ಕಡಲಿಗೆ ಸುರಿಯುವುವು. ತಿಳಿಯಾದ ಉಪ್ಪುನೀರನ್ನೇ ನಂಬಿರುವ ಪ್ರಾಣಿಗೆ ಅದು ತಕ್ಕ ಮನೆಯಲ್ಲ. ಪರಸ್ಥಳದ ಚಿಪ್ಪಿನೊಡನೆ ಪರಸ್ಥಳದ ರೋಗವೂ ಬರುವುದೆಂಬುದನ್ನು ಹೊರಗಿನಿಂದ ದನ ತಂದು ತಮ್ಮ ಕೊಟ್ಟಿಗೆಗೆ ಕಾಲುಬಾಯಿ ಜ್ವರವನ್ನು ತಂದುಕೊಂಡವರು ಬಲ್ಲರು.

ಸಣ್ಣ ಚಿಪ್ಪಿನ ವಿಷಯದಲ್ಲಿ ಭಾರತದವರು ಕೈಕಟ್ಟಿ ಕುಳಿತಿಲ್ಲ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಳಗರ್‌ಸ್ವಾಮಿಯವರು ತೂತುಕುಡಿಯಲ್ಲಿ ೧೯೭೩ರಲ್ಲಿ ದುಂಡುಮುತ್ತನ್ನು ಬೆಳೆಸಿ ತೋರಿಸಿದರು. ೧೯೮೧ರಲ್ಲಿ ಅದೇ ಸಂಸ್ಥೆಯವರು ತೊಟ್ಟಿಯಲ್ಲಿ ಚಿಪ್ಪಿನ ಮರಿಗಳನ್ನು ಹುಟ್ಟಿಸಿ ಬೆಳೆಸುವ ಕ್ರಮವನ್ನು ಸಾಧಿಸಿದರು. ಇದು ಮೊದಲನೆಯದಕ್ಕಿಂತಲೂ ದೊಡ್ಡ ಕೆಲಸ. ಏಕೆಂದರೆ ಮನ್ನಾರಿನ ಚಿಪ್ಪಿಗಿದ್ದ ನ್ಯೂನತೆಯೇ ಬೀಜದ ಅನಿಶ್ಚಯ. ತೊಟ್ಟಿಯು ಟುವಮೋಟುವಿನ ಉಂಗುರದ ಕೆರೆಯ ಸ್ಥಾನದಲ್ಲಿ ನಿಂತಂತಾಯಿತು. ಬೆಚ್ಚನೆಯ ನೀರಿನಲ್ಲಿ ಮುತ್ತಿನ ಪದರವು ಜಪಾನಿನಲ್ಲಿಗಿಂತ ಬೇಗ ಕೂಡುವುದೂ ಒಂದು ಅನುಕೂಲ, ಆದರೆ ಚಳಿಗಾಲದಲ್ಲಿ ನಿಧಾನವಾಗಿ ಕೂಡಿದ ಪದರದ ಹೊಳಪೇ ಹೊಳಪೆಂದು ಪರೀಕ್ಷಕರು ಹೇಳುವರು. ಉಳಿದಿರುವ ತೊಂದರೆಗಳು ಎರಡು. ತೂತುಕುಡಿಯ ಕಡೆಯಲ್ಲಿ ಜಪಾನಿನಂತೆ ಗಾಳಿ ಅಲೆಗಳಿಂದ ಮರೆಯಾದ ಕೊಲ್ಲಿಗಳಿಲ್ಲ, ತೆಪ್ಪಗಳು ಮಾನ್ಸೂನಿನ ಹೊಡೆತಕ್ಕೆ ಸಿಕ್ಕುವುವು. ಚಿಪ್ಪನ್ನು ಕೊರೆಯುವ ಹುಳುಗಳೂ ಮೇಲೆ ಬೆಳೆಯುವ ಕಳೆಚಿಪ್ಪುಗಳೂ ಬಹಳ. ಇವೆರಡೂ ಕೂಲಿಯಿಂದಲೂ ಉಪಾಯದಿಂದಲೂ ನಿವಾರಣೆಯಾಗತಕ್ಕವೇ ಹೊರತು ಜಾತಿಯನ್ನು ಬದಲಾಯಿಸುವುದರಿಂದ ಅಲ್ಲ. ಬಿರುಗಾಳಿಯು ದೊಡ್ಡ ಚಿಪ್ಪಿನ ತೆಪ್ಪವನ್ನೂ ಮುರಿಯುವುದು. ಸರ್ಕಾರವಾಗಲಿ ಸಹಕಾರ ಸಂಘಗಳಾಗಲಿ ವೆಚ್ಚ ಮಾಡುವುದಾದರೆ ಇದ್ದ ಚಿಪ್ಪಿನಲ್ಲಿ ಒಳ್ಳೆಯ ತಳಿಯನ್ನು ಆರಿಸಿ ವೃದ್ಧಿಪಡಿಸುವುದಕ್ಕೂ ಕಸಿಯ ಕೈಗೆಲಸವನ್ನು ಕರಾವಳಿಯ ಹುಡುಗ ಹುಡುಗಿಯರಿಗೆ ಕಲಿಸುವುದಕ್ಕೂ ವೆಚ್ಚ ಮಾಡುವುದು ಯುಕ್ತ.

ಒಳನಾಡಿನ ಭೂಮಾಲಿಕರು ತಿಳಿಯಬೇಕಾದುದು ಬೇರೆ. ಈ ಎರಡು ಚಿಪ್ಪುಗಳಲ್ಲಿ ಯಾವುದೂ ಕೆರೆಯಲ್ಲಿ ಬದುಕುವುದಿಲ್ಲ. ಕೆರೆ, ಕಾಲುವೆಗಳ ಕೆಸರಿನಲ್ಲಿ ಸಿಕ್ಕುವ ಉದ್ದನೆಯ ಕಪ್ಪೆಚಿಪ್ಪು ಲ್ಯಾಮೆಲಿಡೆನ್ಸ್ ಎಂಬ ಬೇರೊಂದು ಕುಲದ್ದು. ಅದರಲ್ಲಿಯೂ ಮುತ್ತು ಬೆಳೆಸುವ ಕ್ರಮವನ್ನು ಭುವನೇಶ್ವರದ ಸಿಹಿನೀರಿನ ಜಲಕೃಷಿ ಸಂಸ್ಥೆಯವರು ರೂಪಿಸಿರುವುದು ನಿಜ. ಆದರೆ ಆ ಮುತ್ತಿಗೆ ಕಡಲಮುತ್ತಿನ ಬೆಲೆಯಿಲ್ಲ. ಚೀನ ದೇಶದವರು ಸಿಹಿನೀರಿನ ಮುತ್ತನ್ನು ಪೇಟೆಗೆ ರಾಶಿ ಸುರಿಯುತ್ತಿರುವಾಗ ಬರುವುದೂ ಕಷ್ಟ. ಸ್ವಂತ ಹೊಂಡವಿದ್ದು, ಕೈಗೆಲಸವನ್ನು ಕಲಿತು, ಸ್ವಲ್ಪದರಲ್ಲಿ ಮಾಡಿ ನೋಡುವವರನ್ನು ತಡೆಯಬೇಕಾಗಿಲ್ಲ. ಊರಿನ ಕೆರೆಯನ್ನು ಬಹುವರ್ಷದ ಕರಾರಿನ ಮೇಲೆ ಬರೆಸಿಕೊಳ್ಳಬಂದವರನ್ನಾದರೋ ಕೆಲವು ಪ್ರಶ್ನೆಗಳನ್ನು ಕೇಳದೆ ಬಿಡತಕ್ಕದ್ದಲ್ಲ: ಚಿಪ್ಪು ಯಾವ ಜಾತಿಯದು, ಮರಿ ಎಲ್ಲಿಂದ ಬರುವುದು, ಕಸಿ ಮಾಡುವವರು ಯಾರು, ಸತ್ತ ಚಿಪ್ಪಿನ ನಷ್ಟ ಯಾರ ತಲೆಯ ಮೇಲೆ, ಮುತ್ತನ್ನು ಮರಳಿ ಕೊಳ್ಳುವೆವೆಂಬ ಮಾತು ಕಾಗದದಲ್ಲಿ ಇರುವುದೋ ಬಾಯಲ್ಲಿ ಮಾತ್ರವೋ.

ಅಂತಹವರು ಮಾದರಿಗೆಂದು ಒಂದು ಚಿಪ್ಪನ್ನು ಮೇಜಿನ ಮೇಲಿಟ್ಟು ಇದೇ ತೂತುಕುಡಿಯ ಚಿಪ್ಪು, ಇದೇ ಕಪ್ಪುಮುತ್ತಿನ ಚಿಪ್ಪು ಎಂದರೆ, ಅದನ್ನು ಕೈಗೆ ತೆಗೆದುಕೊಂಡು ಎರಡು ಹೋಳುಗಳೂ ಕೂಡುವ ನೇರವಾದ ಕೀಲಿನ ಮೇಲೆ ಬೆರಳಾಡಿಸಿ ನೋಡಬಹುದು. ಮನ್ನಾರಿನ ಸಣ್ಣ ಚಿಪ್ಪಾದರೆ ಕೀಲಿನ ಎರಡು ಕೊನೆಗಳಲ್ಲಿಯೂ ಸಣ್ಣ ಹಲ್ಲು ಉಗುರಿಗೆ ತಗಲುವುದು. ಕಪ್ಪುತುಟಿಯದಾದರೆ ಹಲ್ಲಿಲ್ಲ. ಕೀಲಿನ ಎರಡು ಕಡೆಗೂ ಕಿವಿಯಂತೆ ಚಾಚಿದ ಅಂಚೇ ಇಲ್ಲದೆ, ಉದ್ದವಾಗಿ, ಹೊರಗೆ ಕಂದು ಬಣ್ಣವಾಗಿದ್ದರೆ ಅದು ಕೆರೆಯ ಕಪ್ಪೆಚಿಪ್ಪು. ಅದಕ್ಕಾಗಿ ಯಾರಿಗೂ ಮುಂಗಡ ಕೊಡಬೇಕಾಗಿಲ್ಲ, ಬೇಸಗೆಯಲ್ಲಿ ಕೆರೆ ಬತ್ತಿದಾಗ ದನ ಕಾಯುವ ಹುಡುಗರು ಬುಟ್ಟಿಯ ತುಂಬ ತಂದುಕೊಡುವರು.